ಕಾಲ್ಚೆಂಡಿನ ಸಂಘಗಳೂ ಊರಿನ ಋಣವೂ

ನಮ್ಮ ಪದ್ಮನಾಭನಗರ, ಬನಶಂಕರಿ, ಜಯನಗರಗಳ ಕಡೆ ಆಟವೆಂದರೆ ಕ್ರಿಕೆಟ್ಟೇ. ಭಾನುವಾರ ಬೆಳಗ್ಗೆ ಯಾವ ಬಯಲಿಗೆ ಹೋದರೂ ಒಂದೇ ಅಂಗಳದಲ್ಲಿ ಐದಾರು ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿರುತ್ತವೆ. ಯಾರ ಚೆಂಡು ಯಾರ ಕೈಗೆ ಬಂತೆಂಬುದು ಆ ದೇವರಿಗೇ ಗೊತ್ತು. ಆದ್ದರಿಂದ ಈ ಬಾರಿ ಕಾಲ್ಚೆಂಡಾಟದ ಕುರಿತು ಬರೆಯುತ್ತೇನೆಂದಾಗ ನಮ್ಮ ಮನೆಯಲ್ಲಿಯೇ ಆಶ್ಚರ್ಯಪಟ್ಟರು. ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

2025ರ ಆಗಸ್ಟ್ ತಿಂಗಳ ಆರಂಭದಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಒಂದು ಪ್ರಕಟಣೆಯನ್ನು ಹೊರಡಿಸಿತು. ಇಂಡಿಯನ್ ಸೂಪರ್ ಲೀಗ್ ನಡೆಯುವುದೋ ಇಲ್ಲವೋ ಎಂಬುದೇ ತಿಳಿಯದಿರುವುದರಿಂದ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿಯಲಾಗಿದೆ ಎಂಬುದು ಅದರ ಸಾರ. ಸಹಜವಾಗಿಯೇ ಸುದ್ದಿಯಾದದ್ದು ಸಂಬಳದ ಮಾತು. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು: ಕಿರಿಯರ ತಂಡಗಳಿಗೂ ಮಕ್ಕಳಿಗೆ ಆಟ ಕಲಿಸುವ ಸಾಕರ್ ಶಾಲೆಗಳಿಗೂ ಈ ನಿರ್ಧಾರ ಅನ್ವಯಿಸುವುದಿಲ್ಲ, ಅವು ಎಂದಿನಂತೆ ನಡೆಯುತ್ತವೆ ಎಂದು. ಇತಿಹಾಸ ಪಾಠ ಮಾಡಿ ನಿವೃತ್ತನಾದ ನನ್ನ ಕಣ್ಣು ನಿಂತದ್ದು ಆ ಎರಡನೆಯ ಮಾತಿನ ಮೇಲೆ. ದೊಡ್ಡವರ ಸಂಬಳವೇ ನಿಂತಾಗಲೂ ಮಕ್ಕಳ ತರಬೇತಿ ನಿಲ್ಲಬಾರದೆಂದು ಹಣಕ್ಕಾಗಿ ಆಡುವ ಸಂಘವೊಂದು ಏಕೆ ಹೇಳಬೇಕು? ಅದು ಧರ್ಮಕಾರ್ಯವೋ, ಲೆಕ್ಕಾಚಾರವೋ, ಎರಡೂ ಕೂಡಿದ್ದೋ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಅದು ನನ್ನನ್ನು ನೂರಮೂವತ್ತೆಂಟು ವರ್ಷ ಹಿಂದಕ್ಕೆ, ಸ್ಕಾಟ್ಲೆಂಡಿಗೆ ಕರೆದೊಯ್ದಿತು.

1887ರ ನವೆಂಬರ್ 6ರಂದು ಗ್ಲಾಸ್ಗೋ ನಗರದ ಪೂರ್ವಭಾಗದಲ್ಲಿ, ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಒಂದು ಸಭೆ ಸೇರಿತು. ಅದಕ್ಕೆ ಮುಖ್ಯ ಪ್ರೇರಕರು ಬ್ರದರ್ ವಾಲ್‌ಫ್ರಿಡ್ ಎಂಬ ಮಾರಿಸ್ಟ್ ಪಂಥದ ಸನ್ಯಾಸಿ. 1840ರಲ್ಲಿ ಐರ್ಲೆಂಡಿನ ಸ್ಲೈಗೋ ಪ್ರಾಂತದಲ್ಲಿ ಹುಟ್ಟಿದವರು, ಪೂರ್ವಾಶ್ರಮದ ಹೆಸರು ಆಂಡ್ರ್ಯೂ ಕೆರಿನ್ಸ್. ಅವರು ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದರು ಎಂಬುದನ್ನು ನಮ್ಮ ಕಸುಬಿನವನಾದ ನಾನು ತುಸು ಹೆಮ್ಮೆಯಿಂದಲೇ ದಾಖಲಿಸುತ್ತೇನೆ! ಐರ್ಲೆಂಡಿನ ಮಹಾಕ್ಷಾಮದ ತರುವಾಯ ವಲಸೆ ಬಂದ ಬಡವರೇ ಆ ಭಾಗದಲ್ಲಿ ತುಂಬಿದ್ದರು. ಹಸಿದ ಹೊಟ್ಟೆಯ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ, ಬಂದರೂ ಪಾಠ ತಲೆಗೆ ಹತ್ತುತ್ತಿರಲಿಲ್ಲ. ವಾಲ್‌ಫ್ರಿಡ್ಡರು ಬಡಮಕ್ಕಳ ಊಟದ ಪಂಕ್ತಿಯೊಂದನ್ನು ಆಗಲೇ ನಡೆಸುತ್ತಿದ್ದರು. ಒಂದು ಪೆನ್ನಿಗೆ ಒಂದು ಊಟ. ನಮ್ಮ ಶಾಲೆಗಳ ಅಕ್ಷರ ದಾಸೋಹವನ್ನು ಕಂಡವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಆ ಪಂಕ್ತಿಗೆ ಬೇಕಾದ ಹಣವನ್ನು ಹೊಂದಿಸಲೆಂದೇ ಒಂದು ಕಾಲ್ಚೆಂಡಿನ ತಂಡವನ್ನು ಕಟ್ಟಬೇಕೆಂದು ಆ ಸಭೆ ತೀರ್ಮಾನಿಸಿತು. ಹುಟ್ಟಿದ್ದು ಸೆಲ್ಟಿಕ್ ಫುಟ್‌ಬಾಲ್ ಕ್ಲಬ್.

ಇದರಲ್ಲಿ ಶುದ್ಧ ಕರುಣೆಯಷ್ಟೇ ಇತ್ತೆಂದು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. ಹಸಿದ ಕ್ಯಾಥೊಲಿಕ್ ಮಕ್ಕಳು ಪ್ರೊಟೆಸ್ಟೆಂಟರ ಗಂಜಿಕೇಂದ್ರಗಳಿಗೆ ಹೋಗಿ ಮತವನ್ನೂ ಬಿಟ್ಟಾರೆಂಬ ಅಂಜಿಕೆಯೂ ಆ ಸನ್ಯಾಸಿಗಳಿಗಿತ್ತು. ಅನ್ನದ ಹಿಂದೆ ಇನ್ನೊಂದು ಉದ್ದೇಶ ಇರಬಾರದೆಂದೇನೂ ಇಲ್ಲ. ಮಗುವಿನ ಹೊಟ್ಟೆಯಂತೂ ತುಂಬಿತು. 1888ರ ಮೇ 28ರಂದು ಸೆಲ್ಟಿಕ್ ತನ್ನ ಮೊದಲ ಪಂದ್ಯವನ್ನು ಅದೇ ನಗರದ ರೇಂಜರ್ಸ್ ತಂಡದ ವಿರುದ್ಧ ಆಡಿ 5-2ರಿಂದ ಗೆದ್ದಿತು. ಮುಂದೆ ಆ ಎರಡು ತಂಡಗಳ ಹಗೆತನ ಜಗತ್ಪ್ರಸಿದ್ಧವಾಯಿತು. (ಇಲ್ಲೊಂದು ಸ್ವಾರಸ್ಯ: 2019ರಲ್ಲಿ ನಮ್ಮ ಬೆಂಗಳೂರು ಕ್ಲಬ್ ಸಹಯೋಗದ ಒಡಂಬಡಿಕೆ ಮಾಡಿಕೊಂಡದ್ದು ಅದೇ ರೇಂಜರ್ಸಿನೊಂದಿಗೆ.)

ಮುಂದಿನ ಕಥೆಯನ್ನು ಮರೆಯುವಂತಿಲ್ಲ. 1892ರಲ್ಲಿ ವಾಲ್‌ಫ್ರಿಡ್ಡರಿಗೆ ಲಂಡನ್ನಿಗೆ ವರ್ಗವಾಯಿತು. ವರ್ಗಾವಣೆಯಿಂದ ಏನೇನೆಲ್ಲ ನಿಂತುಹೋಗುತ್ತದೆಂಬುದು ಉಪಾಧ್ಯಾಯರಿಗೆ ಗೊತ್ತಿರುವ ವಿಷಯವೇ. ಸಂಘದ ಆಡಳಿತದಲ್ಲಿ ವ್ಯಾಪಾರ ಬಲ್ಲವರ ಕೈ ಮೇಲಾಯಿತು. 1897ರಲ್ಲಿ ಅದು ಷೇರುದಾರರುಳ್ಳ ಕಂಪನಿಯಾಯಿತು. ಊಟದ ಪಂಕ್ತಿಗೆ ಹೋಗುತ್ತಿದ್ದ ಹಣ ಕ್ಷೀಣಿಸಿತು. ಬಡಮಕ್ಕಳ ಅನ್ನಕ್ಕಾಗಿ ಹುಟ್ಟಿದ ಸಂಘ ಹತ್ತೇ ವರ್ಷಗಳಲ್ಲಿ ಲಾಭಾಂಶದ ಸಂಘವಾಯಿತೆಂದರೆ, ಧರ್ಮಕಾರ್ಯವನ್ನು ಒಬ್ಬ ಸಜ್ಜನನ ಹೆಗಲಿಗೆ ಮಾತ್ರ ಹೊರಿಸಿದರೆ ಆಗುವುದೇನೆಂಬುದು ತಿಳಿಯುತ್ತದೆ. ನೂರು ವರ್ಷ ಕಳೆದು 1995ರಲ್ಲಿ ಆ ಸಂಘ ಧರ್ಮಕಾರ್ಯಕ್ಕೆಂದು ಪ್ರತ್ಯೇಕ ನಿಧಿಯನ್ನು ಸ್ಥಾಪಿಸಬೇಕಾಯಿತು.

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ 1908ರಿಂದ ‘ಚಾರಿಟಿ ಷೀಲ್ಡ್’ ಎಂಬ ಪಂದ್ಯ ನಡೆಯುತ್ತಿತ್ತು. 1912ರಲ್ಲಿ ಆ ಪಂದ್ಯದ ಹಣ ಟೈಟಾನಿಕ್ ಹಡಗಿನ ದುರಂತದ ಪರಿಹಾರ ನಿಧಿಗೆ ಹೋಯಿತು. ಆದರೆ ಕಾಲಾಂತರದಲ್ಲಿ, ಟಿಕೆಟ್ಟಿನ ಹಣದಲ್ಲಿ ಎಷ್ಟು ಭಾಗ ಯಾವ ಧರ್ಮಸಂಸ್ಥೆಗೆ ಸಲ್ಲುತ್ತದೆಂಬುದನ್ನು ಸಂಘಟಕರು ಸ್ಪಷ್ಟಪಡಿಸುತ್ತಿಲ್ಲವೆಂದು ಅಲ್ಲಿನ ಧರ್ಮಾದಾಯ ಆಯೋಗವೇ ಆಕ್ಷೇಪವೆತ್ತಿತು. 2002ರಲ್ಲಿ ಪಂದ್ಯದ ಹೆಸರು ‘ಕಮ್ಯುನಿಟಿ ಷೀಲ್ಡ್’ ಎಂದು ಬದಲಾಯಿತು. ಹೆಸರಿನಲ್ಲಿದ್ದ ದಾನ ಹೋಗಿ ಸಮುದಾಯ ಬಂದಿತು! ಇದಕ್ಕಿಂತ ಗಂಭೀರವಾದ ಪ್ರಯತ್ನ 1986ರದು. ಅದರ ಹಿಂದಿನ ವರ್ಷವಷ್ಟೇ ಬ್ರಾಡ್‌ಫರ್ಡ್ ಕ್ರೀಡಾಂಗಣದ ಬೆಂಕಿ ಮತ್ತು ಬ್ರಸೆಲ್ಸಿನ ಹೈಸೆಲ್ ಕ್ರೀಡಾಂಗಣದ ಸಾವುಗಳಿಂದ ಇಂಗ್ಲಿಷ್ ಕಾಲ್ಚೆಂಡಿನ ಮಾನ ಮಣ್ಣುಪಾಲಾಗಿತ್ತು. ಆಗ ಆಟಗಾರರ ಸಂಘ ವಾಯವ್ಯ ಇಂಗ್ಲೆಂಡಿನ ಆರು ಕ್ಲಬ್ಬುಗಳಲ್ಲಿ, ಸುತ್ತಲಿನ ಬಡಾವಣೆಗಳೊಂದಿಗೆ ಬೆರೆಯುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಶಾಲೆಗಳಲ್ಲಿ ತರಬೇತಿ, ಉದ್ಯೋಗವಿಲ್ಲದ ಯುವಕರಿಗೆ ಕೆಲಸದ ಅಭ್ಯಾಸ ಇತ್ಯಾದಿ. ಇಂದು ಜಗತ್ತಿನ ಕ್ಲಬ್ಬುಗಳೆಲ್ಲ ‘ಸಮುದಾಯ ಸೇವೆ’ ಎನ್ನುವ ಮಾತಿಗೆ ಅಚ್ಚು ಬಿದ್ದದ್ದು ಬಹುಮಟ್ಟಿಗೆ ಅಲ್ಲಿಯೇ.

ಇಷ್ಟು ಹೇಳಿ ನಮ್ಮ ಊರಿಗೆ ಬರೋಣ.

ಬೆಂಗಳೂರಿಗೆ ಕಾಲ್ಚೆಂಡು ಬಂದದ್ದು ದಂಡಿನ ಮೂಲಕ. ಬ್ರಿಟಿಷ್ ಸಿಪಾಯಿಗಳು ಆಡುವುದನ್ನು ನೋಡುತ್ತ ನಿಂತ ದಂಡು ಪ್ರದೇಶದ ಹುಡುಗರು ತಾವೂ ಬರಿಗಾಲಿನಲ್ಲಿ ಆಡತೊಡಗಿದರು. ಗೌತಮಪುರ, ಆಸ್ಟಿನ್ ಟೌನ್, ಹಲಸೂರುಗಳಲ್ಲಿ ಬೆಳೆದದ್ದು ಈ ಆಟ. ದಕ್ಷಿಣದ ನಾವು ಮಾವಳ್ಳಿಯಿಂದ ಈಚೆಗೆ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲೇ ಇಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುತಂದಿತು. 1891ರಿಂದ ನಡೆಯುತ್ತಿದ್ದ, ಬ್ರಿಟಿಷ್ ಪಡೆಗಳೇ ಗೆಲ್ಲುತ್ತಿದ್ದ ಆ ಪಂದ್ಯಾವಳಿಯನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನದು. ಮರುವರ್ಷವೂ ಗೆದ್ದರು. 1911ರ ಮೋಹನ್ ಬಾಗಾನ್ ವಿಜಯವನ್ನು ಪಠ್ಯಪುಸ್ತಕಗಳಲ್ಲಿ ಓದಿದ ಮಕ್ಕಳಿಗೆ 1937ರ ಈ ವಿಜಯವನ್ನು ಯಾರೂ ಹೇಳಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ ಫ್ರಾನ್ಸಿನ ಮೇಲೆ. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ನಾವು 1-2ರಿಂದ ಸೋತೆವು. ಭಾರತದ ಆ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರೆನಿಸಿದರು. ಮೈಸೂರು ಸಂಸ್ಥಾನದ ಹೆಸರಿನಲ್ಲಿ, ಮುಂದೆ ರಾಜ್ಯದ ಹೆಸರಿನಲ್ಲಿ ನಮ್ಮವರು 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದರು.

ಈ ಆಟಗಾರರೆಲ್ಲ ಬಡವರ ಮನೆಯ ಮಕ್ಕಳೇ ಹೆಚ್ಚು. ಅವರು ಹೇಗೆ ಬದುಕಿದರು? ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳಿರುವುದು ಇಲ್ಲಿ. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಬಂತು, 1948ರಲ್ಲಿ ಐಟಿಐ ಬಂತು. ಈ ಸಾರ್ವಜನಿಕ ಉದ್ದಿಮೆಗಳೂ ಸೇನೆಯ ಪಡೆಗಳೂ ತಮ್ಮ ತಮ್ಮ ತಂಡಗಳನ್ನು ಕಟ್ಟಿಕೊಂಡವು. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಖಾಯಂ ನೌಕರಿ. ಬೆಳಗ್ಗೆ ಅಭ್ಯಾಸ, ಆಮೇಲೆ ಕೆಲಸ, ಪಂದ್ಯವಿದ್ದರೆ ರಜೆ. ಆಟದ ವಯಸ್ಸು ಮುಗಿದ ಮೇಲೂ ಕೆಲಸ ಉಳಿಯುತ್ತಿತ್ತು. ಆಸ್ಪತ್ರೆ, ಭವಿಷ್ಯನಿಧಿ, ಮಕ್ಕಳಿಗೆ ಶಾಲೆ ಎಲ್ಲವೂ ಇರುತ್ತಿತ್ತು. ಇದನ್ನು ಯಾರೂ ದಾನವೆಂದು ಕರೆಯಲಿಲ್ಲ, ಫೋಟೋ ತೆಗೆಸಿ ಪತ್ರಿಕೆಗೆ ಕಳುಹಿಸಲಿಲ್ಲ. ಆದರೆ ಪೂರ್ವ ಬೆಂಗಳೂರಿನ ಎಷ್ಟೋ ಕುಟುಂಬಗಳನ್ನು ಕೊಳೆಗೇರಿಯಿಂದ ಕಾರ್ಖಾನೆಯ ವಸತಿಗೃಹಕ್ಕೆ ದಾಟಿಸಿದ್ದು ಈ ಚರ್ಮದ ಚೆಂಡೇ.

ಎಂಬತ್ತರ ದಶಕದಲ್ಲಿ ನಾನು ಪೂರ್ವಭಾಗದ ಪ್ರೌಢಶಾಲೆಯೊಂದರಲ್ಲಿ ಕೆಲಕಾಲ ಪಾಠ ಮಾಡಿದ್ದುಂಟು. ಅಲ್ಲೊಬ್ಬ ಹುಡುಗನಿದ್ದ, ಹೆಸರು ಬೇಡ. ಗಣಿತದಲ್ಲಿ ಎರಡು ಸಲ ಕುಳಿತವನು. ಚೆಂಡು ಅವನ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹತ್ತನೆಯ ತರಗತಿಯನ್ನು ಹೇಗೋ ದಾಟಿಕೊಂಡ ಆತ ಮೂರು ವರ್ಷಗಳ ನಂತರ ಮೈಸೂರುಪಾಕಿನ ಪೊಟ್ಟಣ ಹಿಡಿದು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ‘ಸಾರ್, ಫುಟ್‌ಬಾಲ್ ಕೋಟಾದಲ್ಲಿ ಫ್ಯಾಕ್ಟರಿ ಸೇರಿದೆ. ಅಮ್ಮ ಇನ್ನು ಮನೆಗೆಲಸಕ್ಕೆ ಹೋಗಲ್ಲ’ ಎಂದ. ಆ ಮನೆಯ ಮುಂದಿನ ಪೀಳಿಗೆಯಲ್ಲಿ ಈಗ ಒಬ್ಬಳು ಎಂಜಿನಿಯರ್ ಇದ್ದಾಳೆ.

1991ರ ಆರ್ಥಿಕ ಸುಧಾರಣೆಗಳ ಬಳಿಕ ಈ ಬಾಗಿಲು ಮೆಲ್ಲನೆ ಮುಚ್ಚತೊಡಗಿತು. ಸಾರ್ವಜನಿಕ ಉದ್ದಿಮೆಗಳಲ್ಲಿ ನೇಮಕಾತಿ ಕಡಿಮೆಯಾದಾಗ ಕ್ರೀಡಾ ಕೋಟಾವೂ ಸೊರಗಿತು. ಅತ್ತ ಜಮ್‌ಷೆಡ್‌ಪುರದಲ್ಲಿ 1987ರಲ್ಲಿ ಆರಂಭವಾಗಿದ್ದ ಟಾಟಾ ಫುಟ್‌ಬಾಲ್ ಅಕಾಡೆಮಿ ಊಟ, ವಸತಿ, ಶಿಕ್ಷಣ ಕೊಟ್ಟು ಹುಡುಗರನ್ನು ತಯಾರು ಮಾಡುತ್ತಿತ್ತು. ನಮ್ಮ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ ಅಲ್ಲಿ ಪಳಗಿದವರು. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡದಲ್ಲಿದ್ದವರು. 2000-01ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗನ್ನು ಗೆದ್ದಾಗ ಅದರ ನಾಯಕರು. 2020ರ ಅಕ್ಟೋಬರಿನಲ್ಲಿ ಐವತ್ತು ತುಂಬುವ ಮುನ್ನವೇ ತೀರಿಕೊಂಡರು. ಬೆಂಗಳೂರಿನ ಹುಡುಗನಿಗೆ ನೆಲೆ ಸಿಗಬೇಕಾದರೆ ಜಮ್‌ಷೆಡ್‌ಪುರಕ್ಕೆ ಹೋಗಬೇಕಾಯಿತು ಎಂಬುದನ್ನು ಗಮನಿಸಿ. 2011-12ರ ಋತುವಿನ ಕೊನೆಗೆ ಎಚ್‌ಎಎಲ್ ತಂಡ ಐ-ಲೀಗಿನಿಂದ ಕೆಳಗಿಳಿಯಿತು. ಮುಂದಿನ ಋತುವಿನಲ್ಲಿ ರಾಷ್ಟ್ರೀಯ ಲೀಗಿನಲ್ಲಿ ಬೆಂಗಳೂರಿನ ತಂಡವೊಂದೂ ಇರಲಿಲ್ಲ.

ಆ ಶೂನ್ಯದಲ್ಲಿ ಹುಟ್ಟಿದ್ದು ಬೆಂಗಳೂರು ಫುಟ್‌ಬಾಲ್ ಕ್ಲಬ್. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಅದನ್ನು ಸ್ಥಾಪಿಸಿತು. ಸೆಪ್ಟೆಂಬರಿನಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ 1-1ರ ಸಮಬಲದೊಂದಿಗೆ ಆರಂಭಿಸಿದ ತಂಡ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದುಬಿಟ್ಟಿತು! 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು, 2019ರಲ್ಲಿ ಸೂಪರ್ ಲೀಗನ್ನೂ ಗೆದ್ದಿತು. ಸುನಿಲ್ ಛೇತ್ರಿಯವರ ಹೆಸರು ಕ್ರಿಕೆಟ್ ಬಿಟ್ಟು ಬೇರೇನನ್ನೂ ಕಾಣದ ನಮ್ಮ ಬೀದಿಯ ಹುಡುಗರ ಬಾಯಲ್ಲೂ ಬಂದಿತು. ಇವೆಲ್ಲ ನಿಮಗೆ ಗೊತ್ತಿರುವುದೇ.

ಇದೇ ಹೊತ್ತಿಗೆ ದೇಶದಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂದಿತ್ತು. 2013ರ ಕಂಪನಿ ಕಾಯ್ದೆಯ 135ನೆಯ ಕಲಮು, 2014ರ ಏಪ್ರಿಲ್ 1ರಿಂದ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಅದಕ್ಕೆ ಒಪ್ಪಿತವಾದ ಕಾರ್ಯಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರಮಾನ್ಯ ಕ್ರೀಡೆ, ಒಲಿಂಪಿಕ್ ಹಾಗೂ ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯೂ ಸೇರಿದೆ. ‘ತರಬೇತಿ’ ಎಂಬ ಪದ ಮುಖ್ಯ. ಮ್ಯಾರಥಾನ್ ಓಟದಂತಹ ಒಂದು ದಿನದ ಸಂಭ್ರಮಗಳು ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಸರ್ಕಾರ ಅದೇ ವರ್ಷ ಸ್ಪಷ್ಟೀಕರಣವನ್ನೂ ನೀಡಿತು. ಕಾನೂನು ಬರೆದವರಿಗೆ ದಾನಕ್ಕೂ ಜಾಹೀರಾತಿಗೂ ಇರುವ ಅಂತರ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ.

ಬೆಂಗಳೂರು ಕ್ಲಬ್ಬಿನ ಒಡೆಯರು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಒಡೆಯರೇ. ಆ ಕಾರ್ಖಾನೆಯ ವಿಜಯನಗರ ವಸತಿ ಪ್ರದೇಶದಲ್ಲಿ 2017ರಲ್ಲಿ ಕ್ಲಬ್ಬಿನ ವಸತಿಸಹಿತ ಅಕಾಡೆಮಿ ಆರಂಭವಾಯಿತು. 2018ರಲ್ಲಿ ಅಲ್ಲಿಯೇ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಕಲಿಸುವ ಈ ಸಂಸ್ಥೆಗೆ ಹಲವು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಹರಿದುಬಂದಿತು. ಗಣಿಧೂಳಿನ ಬಳ್ಳಾರಿಯಲ್ಲಿ ಇಂಥದೊಂದು ನಿಂತಿತೆಂಬುದಕ್ಕೆ ನಾನು ಸಂತೋಷಪಡುತ್ತೇನೆ. ಇದು ಟಾಟಾ ಅಕಾಡೆಮಿಯ ದಾರಿ. ಕಾರ್ಲ್‌ಟನ್‌ರಂಥ ಹುಡುಗ ಇನ್ನು ಬಿಹಾರ ಜಾರ್ಖಂಡಗಳವರೆಗೆ ಹೋಗಬೇಕಾಗಿಲ್ಲ.

ಸಾಕರ್ ಶಾಲೆಗಳ ಮಾತು ಹಾಗಲ್ಲ. ನಗರದ ಬೇರೆ ಬೇರೆ ಭಾಗಗಳಲ್ಲಿ ನಡೆಯುವ ಈ ಶಾಲೆಗಳಲ್ಲಿ ಮಕ್ಕಳು ಶುಲ್ಕ ಕೊಟ್ಟು ಕಲಿಯುತ್ತಾರೆ. ಶಿಸ್ತು, ವ್ಯಾಯಾಮ, ಸಂಜೆ ದೂರದರ್ಶನದ ಮುಂದಿನಿಂದ ಏಳುವ ಭಾಗ್ಯ, ಎಲ್ಲವೂ ಒಳ್ಳೆಯದೇ. ಆದರೆ ಶುಲ್ಕ ಪಡೆದು ಕಲಿಸುವುದು ಸೇವೆಯಲ್ಲ, ವೃತ್ತಿ. ನಾನೂ ಸಂಬಳ ಪಡೆದೇ ಪಾಠ ಮಾಡಿದವನು, ಅದರಲ್ಲಿ ಅವಮಾನವೇನೂ ಇಲ್ಲ. ಅದನ್ನು ಸಮುದಾಯ ಸೇವೆಯೆಂಬ ಶೀರ್ಷಿಕೆಯಡಿ ಸೇರಿಸುವುದಷ್ಟೇ ಸರಿಯಲ್ಲ. 2025ರ ಪ್ರಕಟಣೆಯನ್ನು ಓದುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು. ಸಾಕರ್ ಶಾಲೆಗಳಿಗೆ ಪೋಷಕರ ಶುಲ್ಕ ಬರುತ್ತದೆ, ಅವು ಮುಂದುವರಿದದ್ದರಲ್ಲಿ ಅಚ್ಚರಿಯಿಲ್ಲ. ಕಿರಿಯರ ತಂಡಗಳಿಗೆ ಅಂಥ ಆದಾಯವಿಲ್ಲ. ಲೀಗೇ ಅನಿಶ್ಚಿತವಾಗಿದ್ದಾಗ ಅವನ್ನು ಉಳಿಸಿಕೊಂಡದ್ದು ನಿಜವಾಗಿಯೂ ಮೆಚ್ಚತಕ್ಕ ಮಾತು. ಗ್ಲಾಸ್ಗೋದಲ್ಲಿ ಹಣದ ವಿಚಾರ ಬಂದಾಗ ಮೊದಲು ಕಡಿತವಾದದ್ದು ಮಕ್ಕಳ ಪಂಕ್ತಿ. ಇಲ್ಲಿ ಮೊದಲು ನಿಂತದ್ದು ದೊಡ್ಡವರ ಸಂಬಳ. ಆ ಸಂಬಳದ ಮೇಲೆ ಸಂಸಾರ ನಡೆಸುತ್ತಿದ್ದ ಸಿಬ್ಬಂದಿಯ ಕಷ್ಟವನ್ನು ನೆನೆದರೆ ಈ ಮೆಚ್ಚುಗೆಯನ್ನೂ ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ.

ಕ್ಲಬ್ಬಿಗೆ ಹಣವೇ ಖರ್ಚಾಗದ ಸೇವೆಯೊಂದನ್ನೂ ಇಲ್ಲಿ ಹೇಳಬೇಕು. 2021ರ ಮೇ ತಿಂಗಳ ಭೀಕರ ದಿನಗಳು ನಿಮಗೆ ನೆನಪಿರಬಹುದು. ಪ್ರಾಣವಾಯುವಿಗಾಗಿ, ಆಸ್ಪತ್ರೆಯ ಹಾಸಿಗೆಗಾಗಿ ಜನ ಪರದಾಡುತ್ತಿದ್ದಾಗ ನಾಯಕ ಛೇತ್ರಿಯವರು ತಮ್ಮ ಟ್ವಿಟರ್ ಖಾತೆಯನ್ನೇ ಪರಿಹಾರ ಕಾರ್ಯದಲ್ಲಿ ತೊಡಗಿದ್ದ ಸ್ವಯಂಸೇವಕರಿಗೆ ಬಿಟ್ಟುಕೊಟ್ಟರು. ಅವರೇ ನಿಜಜೀವನದ ನಾಯಕರೆಂಬುದು ಅವರ ಮಾತಿನ ಭಾವ. ಲಕ್ಷಾಂತರ ಜನ ನೋಡುವ ಹಲಗೆಯೊಂದನ್ನು, ತನ್ನ ಹೆಸರನ್ನು ಬದಿಗಿಟ್ಟು, ಬೇರೆಯವರ ಬರವಣಿಗೆಗೆ ಒಪ್ಪಿಸುವುದು ಚೆಕ್ಕು ಬರೆಯುವುದಕ್ಕಿಂತ ಕಷ್ಟವೆಂದು ನನ್ನ ಎಣಿಕೆ.

ಇನ್ನೊಂದು ಕಡೆಯ ಮಾತನ್ನೂ ಆಡದಿದ್ದರೆ ಲೇಖನ ಒಪ್ಪವಾಗದು. ಕ್ಲಬ್ ತನ್ನ ಪಂದ್ಯಗಳನ್ನು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಒಯ್ದ ಮೇಲೆ ಅಲ್ಲಿ ಓಟದ ಅಭ್ಯಾಸ ಮಾಡುತ್ತಿದ್ದವರಿಗೆ ತೊಂದರೆಯಾಯಿತು. ಸಿಂಥೆಟಿಕ್ ಟ್ರ್ಯಾಕ್ ಇರುವುದು ಓಟಗಾರರಿಗಾಗಿ, ಅದನ್ನು ಫುಟ್‌ಬಾಲ್ ಪಂದ್ಯಗಳಿಗಾಗಿ ಮುಚ್ಚಿದರೆ ನಮ್ಮ ಮಕ್ಕಳು ಎಲ್ಲಿ ಓಡಬೇಕೆಂದು ಅಥ್ಲೆಟಿಕ್ಸ್ ತರಬೇತುದಾರರು ಹೈಕೋರ್ಟಿನ ಮೆಟ್ಟಿಲೇರಿದರು. ಅವರ ವಾದದಲ್ಲಿ ಹುರುಳಿತ್ತೆಂದೇ ನನ್ನ ಅಭಿಪ್ರಾಯ. ನಗರದಲ್ಲಿ ಬಯಲೇ ಇಲ್ಲದಿರುವಾಗ ಒಂದು ಸಮುದಾಯಕ್ಕೆ ಕೊಡುವ ಅಂಗಳವನ್ನು ಇನ್ನೊಂದರಿಂದ ಕಿತ್ತುಕೊಳ್ಳಬೇಕಾಗುತ್ತದೆ. ಕ್ಲಬ್ಬನ್ನು ದೂರುವುದಕ್ಕಿಂತ, ಇಷ್ಟು ದೊಡ್ಡ ಊರಿಗೆ ಎರಡನೆಯ ಕಂಠೀರವವನ್ನು ಕಟ್ಟದ ನಮ್ಮ ಸರ್ಕಾರಗಳನ್ನು ಕೇಳಬೇಕು.

2023ರ ಮಾರ್ಚಿನಲ್ಲಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಸೌದಿ ಅರೇಬಿಯಾದ ರಿಯಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. ದೊಡ್ಡ ಕ್ಲಬ್ಬಿನ ಬೆಳಕು ಬೀಳದ ಸ್ಥಳೀಯ ಲೀಗಿನ ಹುಡುಗರು ಇಷ್ಟು ವರ್ಷಗಳ ಬರವನ್ನು ನೀಗಿಸಿದರು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಪೆಲೆಯದೂ ಒಂದು ಪ್ರತಿಮೆ ಇದೆಯೆಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬೆಂಗಳೂರು ಕ್ಲಬ್ಬಿನ ಸಮುದಾಯ ಕಾರ್ಯವನ್ನು ಅಳೆಯಬೇಕಾದದ್ದು ಆ ಪ್ರತಿಮೆಯ ಸುತ್ತ ಆಡುವ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ಒಂದು ಕಾಸೂ ಕೊಡದೆ ಅದರ ಅಕಾಡೆಮಿಯ ಬಾಗಿಲು ದಾಟುತ್ತಾರೆಂಬ ಲೆಕ್ಕದಿಂದ.

ಕಾರ್ಖಾನೆಯ ತಂಡಗಳ ಕಾಲದ ಲೆಕ್ಕವನ್ನಂತೂ ನಾವೇ ಬರೆದಿಡಬಹುದು. ಎಚ್‌ಎಎಲ್, ಐಟಿಐ ಮುಂತಾದ ತಂಡಗಳಲ್ಲಿ ಆಡಿದವರು ನಿಮ್ಮ ಬಂಧುಬಳಗದಲ್ಲಿ, ನೆರೆಹೊರೆಯಲ್ಲಿ ಇದ್ದರೆ ಅವರನ್ನು ಕಂಡು ಮಾತನಾಡಿ. ಯಾವ ವರ್ಷ ಸೇರಿದರು, ಆಗ ಸಂಬಳವೆಷ್ಟು, ಮನೆಯಲ್ಲಿ ಎಷ್ಟು ಜನ, ನಿವೃತ್ತರಾದಾಗ ಯಾವ ಹುದ್ದೆಯಲ್ಲಿದ್ದರು, ಇಷ್ಟನ್ನು ಕೇಳಿ ಬರೆದು ನನಗೆ ಕಳುಹಿಸಿ. ಹಳೆಯ ತಂಡದ ಚಿತ್ರವಿದ್ದರೆ ಹಿಂಬದಿಯಲ್ಲಿ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಿಸಿಕೊಳ್ಳುವುದನ್ನು ಮರೆಯಬೇಡಿ. ಅವರಲ್ಲಿ ಹಲವರಿಗೆ ಈಗ ಎಂಬತ್ತು ದಾಟಿದೆ.